ಕಾಲೇಜಿನಲ್ಲಿ ಯಾವ ಸಂಘಟನೆಗೆ ಸೇರಲಿ? ಕನ್ನಡ ಮಾಧ್ಯಮದಿಂದ ಬಂದವರು ದಯವಿಟ್ಟು ಹೇಳಿ

ಪೆರ್ಲದ ಪ್ರಥಮ ವರ್ಷ:
ಹಿರಿಯರಿಗೆಲ್ಲ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈ ವರ್ಷ ಕಾಸರಗೋಡಿನ ಕಾಲೇಜೊಂದರಲ್ಲಿ ನಾಲ್ಕು ವರ್ಷದ ಪದವಿಗೆ ಸೇರಿದ್ದೇನೆ. ತರಗತಿ ಆರಂಭವಾದಂದಿನಿಂದ ಒಬ್ಬರಲ್ಲ ಒಬ್ಬರು ಬಂದು ಕರೆಯುತ್ತಲೇ ಇದ್ದಾರೆ. ರಾಷ್ಟ್ರೀಯ ಸೇವಾ ಯೋಜನೆಯ ಅರ್ಜಿ ಕೈಗೆ ಬಂದಿದೆ. ವಿದ್ಯಾರ್ಥಿ ಸಂಘಟನೆಗಳವರು ಅಧ್ಯಾಪಕರು ಬರುವ ಮೊದಲೇ ಬೋರ್ಡಿನ ಮುಂದೆ ನಿಂತು ಭಾಷಣ ಮಾಡಿ ಹೋಗುತ್ತಾರೆ. ಕನ್ನಡ ವಿಭಾಗದ ಟೀಚರ್ ಕನ್ನಡ ಸಂಘಕ್ಕೆ ಹೆಸರು ಕೊಡಲು ಹೇಳಿದ್ದಾರೆ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಪ್ಯಾಲಿಯೇಟಿವ್ ತಂಡದ ಅಕ್ಕಂದಿರು ಒಮ್ಮೆ ಜೊತೆಗೆ ಬಂದು ನೋಡು ಎನ್ನುತ್ತಿದ್ದಾರೆ.

ನನಗೆ ಮಲಯಾಳ ಚೆನ್ನಾಗಿಯೇ ಅರ್ಥವಾಗುತ್ತದೆ, ಆದರೆ ಸಭೆಯಲ್ಲಿ ಎದ್ದು ನಿಂತು ಮಾತನಾಡಬೇಕೆಂದರೆ ನಾಲಗೆ ಏಳುವುದಿಲ್ಲ. ಮನೆಯಲ್ಲಿ ಅಪ್ಪನಿಗೆ ಕಾಲೇಜಿನ ರಾಜಕೀಯವೆಂದರೆ ಆಗದು. ಸಂಜೆಯ ಬಸ್ಸು ತಪ್ಪಿದರೆ ಮನೆ ತಲಪುವಾಗ ಕತ್ತಲೆಯಾಗುತ್ತದೆ. ಎಲ್ಲದಕ್ಕೂ ಸೇರಲು ಸಾಧ್ಯವಿಲ್ಲವೆಂದು ಗೊತ್ತಿದೆ. ಒಂದನ್ನು ಆರಿಸುವುದಾದರೆ ಯಾವುದನ್ನು? ಓದಿಗೆ ತೊಂದರೆಯಾಗುತ್ತದೆಯೇ? ಇವೆಲ್ಲ ಕೊನೆಗೆ ಒಂದು ಸರ್ಟಿಫಿಕೇಟಿಗಾಗಿ ನಡೆಯುವ ಕೆಲಸಗಳೇ?

ಮುಳ್ಳೇರಿಯ ರೂಟು:
ಮೊದಲು ಬಸ್ಸಿನ ಸಮಯ ನೋಡಿ, ಆಮೇಲೆ ಸಂಘಟನೆ ಆರಿಸಿ. ನಮ್ಮ ಪೂರ್ವಭಾಗದ ಹಳ್ಳಿಗಳಿಂದ ಹೋಗುವ ವಿದ್ಯಾರ್ಥಿಗಳ ಸಾರ್ವಜನಿಕ ಜೀವನವನ್ನು ನಿರ್ಧರಿಸುವುದು ಸಿದ್ಧಾಂತವಲ್ಲ, ಕನ್ಸೆಶನ್ ಕಾರ್ಡು ನಡೆಯುವ ಕೊನೆಯ ಬಸ್ಸು.

ಹಳೆ ವಾಲಂಟಿಯರ್:
ತಂಗೀ, ಸೇವಾ ಯೋಜನೆಯ ಅರ್ಜಿಯನ್ನು ಇಂದೇ ತುಂಬಿಸಿ ಕೊಡು. ನಾನು ಪದವಿಯ ಕಾಲದಲ್ಲಿ ನಮ್ಮ ಯೂನಿಟಿನ ವಾಲಂಟಿಯರ್ ಸೆಕ್ರೆಟರಿಯಾಗಿದ್ದವನಾದ್ದರಿಂದ ಲೆಕ್ಕ ಗೊತ್ತಿದೆ. ಎರಡು ವರ್ಷಗಳಲ್ಲಿ 240 ಗಂಟೆಯ ಕೆಲಸ, ಅಂದರೆ ವರ್ಷಕ್ಕೆ 120 ಗಂಟೆ. ವಾರಕ್ಕೆ ಹಂಚಿದರೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಇದರ ಹೊರತಾಗಿ ಏಳು ದಿನಗಳ ಸಹವಾಸ ಶಿಬಿರವಿದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಕ್ರಿಸ್‌ಮಸ್ ರಜೆಯಲ್ಲಿ ಯಾವುದಾದರೂ ಹಳ್ಳಿಯ ಶಾಲೆಯಲ್ಲಿ ನಡೆಯುತ್ತದೆ. ಇಷ್ಟಕ್ಕೆ ಓದು ಹಾಳಾಗುತ್ತದೆ ಎನ್ನುವವರ ಓದು ಬೇರೆ ಕಾರಣದಿಂದ ಹಾಳಾಗಿರುತ್ತದೆ.

ಈ ಯೋಜನೆ ಆರಂಭವಾದದ್ದು ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾಲಯಗಳಲ್ಲಿ. ಯಾವ ಪಕ್ಷದ ಬಾವುಟವೂ ಇದರ ಮೇಲಿಲ್ಲ ಎಂದು ಅಪ್ಪನಿಗೆ ಹೇಳಬಹುದು.

ಎರಡನೇ ಬೆಂಚು:
ಗಂಟೆಯ ಲೆಕ್ಕ ಸರಿಯಾಗಿದೆ, ಆದರೆ ಆ ಗಂಟೆಗಳು ಹೇಗೆ ತುಂಬುತ್ತವೆ ಎಂಬುದನ್ನು ಹೇಳಲಿಲ್ಲವಲ್ಲ. ಬಸ್ ನಿಲ್ದಾಣದ ಎದುರು ಬ್ಯಾನರ್ ಹಿಡಿದು ನಿಲ್ಲುವುದು, ಅತಿಥಿ ಬರುವವರೆಗೆ ಕಾಯುವುದು, ಅವರು ಹತ್ತು ನಿಮಿಷ ಪೊರಕೆ ಹಿಡಿಯುವಾಗ ಫೋಟೋ ತೆಗೆಯುವುದು, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದನ್ನು ಹುಡುಕುವುದು. ನನ್ನ ಜೊತೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗ್ರೇಸ್ ಮಾರ್ಕಿಗಾಗಿ ಸೇರಿದವರು. ಮಾರ್ಕು ಬೇಕಾದರೆ ಸೇರು, ತಪ್ಪಿಲ್ಲ, ಆದರೆ ಅದಕ್ಕೆ ಸೇವೆ ಎಂಬ ದೊಡ್ಡ ಹೆಸರನ್ನು ಕೊಡಬಾರದು.

ಹಳೆ ವಾಲಂಟಿಯರ್:
ಬ್ಯಾನರು ಹಿಡಿದು ನಿಂತದ್ದು ನಿಜ, ನಾನೂ ನಿಂತಿದ್ದೇನೆ. ಆದರೆ ಶಿಬಿರದಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಕಟ್ಟಿದ್ದನ್ನು ನೀವು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ನವೆಂಬರ್ ದಾಟಿದ ಮೇಲೆ ನಮ್ಮ ತೋಡುಗಳಲ್ಲಿ ಹರಿವು ಇಳಿಯುತ್ತದೆ. ಆಗ ಮರಳು ತುಂಬಿದ ಗೋಣಿಗಳನ್ನು ಸಾಲಾಗಿ ಪೇರಿಸಿ ಅಡ್ಡಗಟ್ಟಿದರೆ ಮೇಲಿನ ಬಾವಿಗಳಲ್ಲಿಯೂ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿಯೂ ಬೇಸಗೆಯ ಹೊತ್ತಿಗೆ ವ್ಯತ್ಯಾಸ ಕಾಣುತ್ತದೆ. ಏತಡ್ಕದ ಕಡೆ ಕೃಷಿಕರು ತಲೆಮಾರುಗಳಿಂದ ಹೀಗೆ ಕಲ್ಲು ಮಣ್ಣಿನ ಕಟ್ಟಗಳನ್ನು ಕಟ್ಟುತ್ತ ಬಂದಿದ್ದಾರೆ. ಈಗ ಆಳು ಸಿಗದೆ ಅನೇಕ ಕಡೆ ನಿಂತುಹೋಗಿರುವ ಕೆಲಸವನ್ನು ಐವತ್ತು ಜನ ವಿದ್ಯಾರ್ಥಿಗಳು ಒಂದು ಬೆಳಿಗ್ಗೆ ಸೇರಿದರೆ ಮಾಡಿ ಮುಗಿಸಬಹುದು. ಫೋಟೋ ತೆಗೆದರೆಂಬ ಕಾರಣಕ್ಕೆ ಆ ನೀರು ಇಂಗುವುದನ್ನು ನಿಲ್ಲಿಸಲಿಲ್ಲ.

ಎರಡನೇ ಬೆಂಚು:
ಮುಂದಿನ ವರ್ಷ ಆ ಕಟ್ಟವನ್ನು ಮತ್ತೆ ಕಟ್ಟಿದಿರಾ?

ಹಳೆ ವಾಲಂಟಿಯರ್:
ಆ ತೋಡಿಗೆ ಹೋಗಲಿಲ್ಲ, ಶಿಬಿರ ಬೇರೆ ಪಂಚಾಯತಿಗೆ ಹೋಯಿತು. ಪ್ರತಿ ಮಳೆಗಾಲದಲ್ಲಿ ಕೊಚ್ಚಿಹೋಗುವ ತಾತ್ಕಾಲಿಕ ಕಟ್ಟವಾದ್ದರಿಂದ ಪ್ರತಿ ವರ್ಷ ಕಟ್ಟಬೇಕೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಯೂನಿಟಿಗೆ ದತ್ತುಗ್ರಾಮ ಎಂಬ ಕ್ರಮವಿರುವುದೇ ಅದಕ್ಕಾಗಿ. ಒಂದೇ ಊರಿಗೆ ಮತ್ತೆ ಮತ್ತೆ ಹೋಗಬೇಕು. ಹೋಗುವುದಿಲ್ಲವಾದರೆ ಅದನ್ನು ಪ್ರಶ್ನಿಸಬೇಕಾದವರು ಒಳಗಿರುವ ವಿದ್ಯಾರ್ಥಿಗಳೇ.

ಚಂದ್ರಗಿರಿ ತೀರ:
ಇಲ್ಲಿಯವರೆಗೆ ಯಾರೂ ಕಾಲೇಜಿನ ವಿದ್ಯಾರ್ಥಿ ಯೂನಿಯನ್ನಿನ ಹೆಸರೆತ್ತಲಿಲ್ಲವೆಂಬುದು ಆಶ್ಚರ್ಯ. ಕ್ಯಾಂಟೀನಿನ ದರ, ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿ, ಕಾಲೇಜಿನ ಕಲೋತ್ಸವದಲ್ಲಿ ಕನ್ನಡ ಸ್ಪರ್ಧೆಗಳಿಗೆ ಸಿಗುವ ವೇದಿಕೆ ಮತ್ತು ಸಮಯ, ವಾರ್ಷಿಕ ಸಂಚಿಕೆಯಲ್ಲಿ ಕನ್ನಡಕ್ಕೆ ಎಷ್ಟು ಪುಟ ಎಂಬ ವಿಷಯಗಳೆಲ್ಲ ಚರ್ಚೆಗೆ ಬರುವುದು ಅಲ್ಲಿ. ಚೇರ್ಮನ್, ಜನರಲ್ ಸೆಕ್ರೆಟರಿ, ಫೈನ್ ಆರ್ಟ್ಸ್ ಸೆಕ್ರೆಟರಿ, ಸ್ಟೂಡೆಂಟ್ ಎಡಿಟರ್, ವಿಶ್ವವಿದ್ಯಾಲಯ ಯೂನಿಯನ್ನಿನ ಕೌನ್ಸಿಲರ್, ಪ್ರತಿ ವರ್ಷಕ್ಕೊಬ್ಬ ಪ್ರತಿನಿಧಿ, ಹೀಗೆ ಸ್ಥಾನಗಳಿವೆ. ಕನ್ನಡದ ವಿದ್ಯಾರ್ಥಿಗಳು ಮತ ಹಾಕಲು ಮಾತ್ರ ಹೋಗಿ, ಆಮೇಲೆ ನಮಗೆ ಅನ್ಯಾಯವಾಯಿತು ಎಂದು ವರ್ಷವಿಡೀ ಗೊಣಗುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಸೇವೆ ಮಾಡಿ, ಬೇಡವೆನ್ನುವುದಿಲ್ಲ, ಆದರೆ ನಿರ್ಧಾರಗಳಾಗುವ ಕೊಠಡಿಯ ಹೊರಗೆ ನಿಂತು ಎಷ್ಟು ಗುಡಿಸಿದರೂ ಒಳಗಿನ ಕಸ ಹೋಗುವುದಿಲ್ಲ.

ಅಡಿಕೆ ಬೆಳೆಗಾರ:
ಆ ಹುಡುಗಿಯ ತಂದೆಯ ಸ್ಥಾನದಲ್ಲಿ ನಿಂತು ಒಂದು ಮಾತು ಹೇಳುತ್ತೇನೆ, ನನ್ನ ಮಗಳೂ ಕಾಲೇಜಿಗೆ ಹೋಗುತ್ತಾಳೆ. ನಾವು ಬೇಡವೆನ್ನುವುದು ರಾಜಕೀಯ ತಿಳಿಯದೆ ಅಲ್ಲ. ಚುನಾವಣೆಯ ದಿನಗಳಲ್ಲಿ ಕಾಲೇಜಿನ ಗೇಟಿನ ಬಳಿ ಹೊಡೆದಾಟವಾಯಿತು, ಪೋಲೀಸರು ಬಂದರು ಎಂಬ ಸುದ್ದಿ ಓದುವಾಗ ಮನೆಯಲ್ಲಿ ಕುಳಿತವರ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಭಾಷಣ ಮಾಡುವವರಿಗೆ ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ನಮ್ಮಲ್ಲಿ ಅಡಿಕೆ ಕೊಯ್ಲಿನ ಸಮಯ. ಆಗ ಮನೆಯಲ್ಲಿ ಒಂದು ಜೊತೆ ಕೈ ಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ. ಆದರೂ ಮಗಳನ್ನು ಶಿಬಿರಕ್ಕೆ ಕಳುಹಿಸಿದೆ, ಏಕೆಂದರೆ ಜೊತೆಯಲ್ಲಿ ಟೀಚರ್ ಇರುತ್ತಾರೆ ಎಂಬ ಧೈರ್ಯವಿತ್ತು. ಮಕ್ಕಳು ಮನೆಯವರೊಡನೆ ಮೊದಲೇ ಬಿಡಿಸಿ ಹೇಳಿದರೆ ಅರ್ಧ ಸಮಸ್ಯೆ ಇರುವುದಿಲ್ಲ.

ಚಂದ್ರಗಿರಿ ತೀರ:
ಅಣ್ಣಾ, ನಿಮ್ಮ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಲೇಜು ಚುನಾವಣೆಯೆಂದರೆ ನಿಯಮವೇ ಇಲ್ಲದ ಗದ್ದಲವೆಂದು ತಿಳಿಯಬೇಡಿ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಆದೇಶಿಸಿದೆ. ಅದರ ಪ್ರಕಾರ ಅಭ್ಯರ್ಥಿಗೆ ಶೇಕಡಾ 75 ಹಾಜರಾತಿ ಇರಬೇಕು, ಆ ವರ್ಷ ಬಾಕಿ ಉಳಿದ ಪರೀಕ್ಷೆಗಳಿರಬಾರದು, ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಮುದ್ರಿಸಿದ ಪೋಸ್ಟರು ಹಚ್ಚುವಂತಿಲ್ಲ, ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತು ದಿನಗಳೊಳಗೆ ಮುಗಿಯಬೇಕು. ಹಾಜರಾತಿಯ ನಿಯಮವೊಂದನ್ನೇ ತೆಗೆದುಕೊಂಡರೂ ಓದು ಬಿಟ್ಟು ತಿರುಗುವವರು ನಿಲ್ಲುವಂತಿಲ್ಲ.

ಎರಡನೇ ಬೆಂಚು:
ಮುದ್ರಿಸಿದ ಪೋಸ್ಟರು ಹಚ್ಚುವಂತಿಲ್ಲವಂತೆ! ಕ್ಯಾಂಪಸ್ಸಿನ ಗೋಡೆಗಳನ್ನು ಒಮ್ಮೆ ನೋಡಿ ಬಂದು ಈ ವಾಕ್ಯವನ್ನು ಮತ್ತೊಮ್ಮೆ ಬರೆಯಿರಿ.

ತಲಪಾಡಿ ದಾಟಿದವ:
ಈ ಗೊಂದಲವೇ ಬೇಡವೆಂದು ನಾನು ಮಂಗಳೂರಿಗೆ ಹೋದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ದಶಕಗಳಾಗಿವೆ. ತರಗತಿಯ ನಾಯಕರನ್ನು ಅಂಕ ನೋಡಿ ಅಧ್ಯಾಪಕರೇ ಆರಿಸುತ್ತಿದ್ದರು. ಶಾಂತವಾಗಿತ್ತು, ಭಾಷೆಯ ಅಂಜಿಕೆಯೂ ಇರಲಿಲ್ಲ.

ಚಂದ್ರಗಿರಿ ತೀರ:
ಆರಿಸಿದ ನಾಯಕರು ಶುಲ್ಕ ಹೆಚ್ಚಿಸಿದಾಗ ಒಂದು ಮಾತಾದರೂ ಕೇಳಿದರೇ?

ತಲಪಾಡಿ ದಾಟಿದವ:
ಇಲ್ಲ. ಅದು ಸರಿಯೇ.

ನಿವೃತ್ತ ಮಾಷ್ಟ್ರು:
ನಾನು ಹಲವು ವರ್ಷ ಸೇವಾ ಯೋಜನೆಯ ಪ್ರೋಗ್ರಾಂ ಆಫೀಸರನಾಗಿ ಶಿಬಿರಗಳನ್ನು ನಡೆಸಿದವನು. ಮೂಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವೆಂದು ಅನ್ನಿಸಿತು. ಆ ಮಗು ಕೇಳಿದ್ದು ಯಾವ ಸಂಘಟನೆ ದೊಡ್ಡದು ಎಂದಲ್ಲ, ಮಲಯಾಳದಲ್ಲಿ ಎದ್ದು ನಿಂತು ಮಾತನಾಡಲಾಗದ ತನಗೆ ಎಲ್ಲಿ ಜಾಗವಿದೆ ಎಂದು. ನನ್ನ ಅನುಭವದಲ್ಲಿ ಈ ಜಿಲ್ಲೆಯಲ್ಲಿ ಸೇವೆಗೆ ಹೊರಡುವ ತಂಡಕ್ಕೆ ಅತ್ಯಂತ ಅಗತ್ಯವಾದ ಸದಸ್ಯರು ಅವಳಂಥವರೇ.

ಕಾರಣ ಹೇಳುತ್ತೇನೆ. ಜಿಲ್ಲೆಯ ತೆಂಕುಭಾಗದಿಂದಲೋ ಕಣ್ಣೂರು ಜಿಲ್ಲೆಯಿಂದಲೋ ಬಂದ ವಿದ್ಯಾರ್ಥಿಗಳು ಯೂನಿಟಿನಲ್ಲಿ ಬಹಳ ಮಂದಿ ಇರುತ್ತಾರೆ, ಒಳ್ಳೆಯ ಮಕ್ಕಳು, ದುಡಿಯಲು ಹಿಂಜರಿಯದವರು. ಅವರನ್ನು ಎಣ್ಮಕಜೆಯ ಸ್ವರ್ಗ, ಪಡ್ರೆಯ ಕಡೆಗೋ ಬೆಳ್ಳೂರಿನ ಕಡೆಗೋ ಸಮೀಕ್ಷೆಗೆ ಕರೆದೊಯ್ದರೆ, ಬಾಗಿಲು ತೆರೆಯುವ ಅಜ್ಜಿಗೆ ತುಳುವೋ ಕನ್ನಡವೋ ಹವ್ಯಕವೋ ಮರಾಟಿಯೋ ಮನೆಮಾತು. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಅವರು ಸೌಜನ್ಯಕ್ಕಾಗಿ ತಲೆಯಾಡಿಸುತ್ತಾರೆ, ಆ ತಲೆಯಾಡಿಕೆ ನಮೂನೆಯಲ್ಲಿ ‘ಹೌದು’ ಎಂದು ದಾಖಲಾಗುತ್ತದೆ. ಔಷಧಿ ಸಿಗುತ್ತಿದೆಯೇ ಎಂದರೆ ಹೌದು, ಪಿಂಚಣಿ ಬರುತ್ತಿದೆಯೇ ಎಂದರೆ ಹೌದು. ಒಬ್ಬಳು ಕನ್ನಡದ ಹುಡುಗಿ ಜಗಲಿಯಲ್ಲಿ ಕುಳಿತು ಅದನ್ನೇ ಅವರ ಮಾತಿನಲ್ಲಿ ಕೇಳಿದಾಗ ಪಿಂಚಣಿ ಕೆಲವು ತಿಂಗಳಿನಿಂದ ನಿಂತಿದೆ, ಆಧಾರಿನಲ್ಲಿ ಹೆಸರು ತಪ್ಪಾಗಿದೆ, ಅಕ್ಷಯ ಎಂಬ ಸರಕಾರಿ ಆನ್‌ಲೈನ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗುವವರಿಲ್ಲ ಎಂಬುದು ಹೊರಬೀಳುತ್ತದೆ. ಇಂಥ ಪ್ರಸಂಗಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಊರುಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದವರೆಗೆ ನಡೆಯಿತು. ದೇಶದಲ್ಲಿ ಅದರ ತಯಾರಿ ಮತ್ತು ಮಾರಾಟಕ್ಕೆ ಸುಪ್ರೀಂ ಕೋರ್ಟು ತಡೆ ನೀಡಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಆದೇಶವಾದ ಮೇಲೂ ಅರ್ಜಿ, ವೈದ್ಯಕೀಯ ದಾಖಲೆ, ಪಟ್ಟಿಯಲ್ಲಿ ಹೆಸರು ಎಂದು ಕಚೇರಿಗಳಿಗೆ ಅಲೆಯಬೇಕಾದವರು ಹೆಚ್ಚು ಓದದ ಮನೆಯವರು. ಕಾಗದವನ್ನು ಓದಿ ಹೇಳುವ, ಅರ್ಜಿ ತುಂಬಿಸಿ ಕೊಡುವ ಒಬ್ಬ ವಿದ್ಯಾರ್ಥಿ ಅಲ್ಲಿಗೆ ಹೋದರೆ ಅದಕ್ಕೆ ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಬಹಳ ಸಣ್ಣದಾಗಿ ಕಾಣುತ್ತದೆ.

ಎಣ್ಮಕಜೆಯಿಂದ:
ಮಾಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಬರೆಯುತ್ತೇನೆ. ನೀವು ಹೇಳಿದ ಜಗಲಿ ನಮ್ಮದು. ನನ್ನ ತಮ್ಮ ಹುಟ್ಟಿದಂದಿನಿಂದ ಹಾಸಿಗೆಯಲ್ಲಿದ್ದಾನೆ. ನಮ್ಮ ಮನೆಗೆ ಬರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಪ್ರತಿ ತಂಡವೂ ಅವೇ ಪ್ರಶ್ನೆಗಳನ್ನು ಹೊಸದಾಗಿ ಕೇಳುತ್ತದೆ, ಅಮ್ಮ ಅವೇ ಉತ್ತರಗಳನ್ನು ಹೇಳುತ್ತಾರೆ, ಹೇಳುವಾಗ ಪ್ರತಿ ಸಲವೂ ಅಳುತ್ತಾರೆ, ವಿದ್ಯಾರ್ಥಿಗಳೂ ಕಣ್ಣೊರೆಸಿಕೊಳ್ಳುತ್ತಾರೆ, ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ತಮ್ಮನ ಬದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಒಂದು ಕಾಲೇಜಿನವರು ಆ ಚಿತ್ರವನ್ನು ಫ್ಲೆಕ್ಸಿನಲ್ಲಿ ಹಾಕಿದ್ದರು. ನಮ್ಮನ್ನು ಕೇಳಿರಲಿಲ್ಲ.

ಹೀಗೆ ಬಂದವರಲ್ಲಿ ಒಬ್ಬಳು ಮಾತ್ರ ಮತ್ತೆ ಬಂದಳು. ಅವಳು ಬಂದಾಗ ಅಮ್ಮ ತಮ್ಮನನ್ನು ಅವಳಿಗೆ ಒಪ್ಪಿಸಿ ತೋಟಕ್ಕೆ ಹೋಗಿ ಹುಲ್ಲು ಮಾಡಿಕೊಂಡು ಬರುತ್ತಿದ್ದರು. ಅವಳು ಏನೂ ಕೇಳುತ್ತಿರಲಿಲ್ಲ. ಅಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಗಂಟೆ.

ಎರಡನೇ ಬೆಂಚು:
ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ.

ಎಣ್ಮಕಜೆಯಿಂದ:
ಇಲ್ಲ, ನೀವು ಯಾರೂ ಹೋಗುವುದು ಬೇಡವೆಂಬಂತೆ ಹೇಳುತ್ತಿದ್ದೀರಿ. ಬರಬೇಡಿ ಎಂದು ನಾನು ಹೇಳಿಲ್ಲ. ಮತ್ತೆ ಬರುವವರು ಬನ್ನಿ ಎನ್ನುತ್ತಿದ್ದೇನೆ.

ನಿವೃತ್ತ ಮಾಷ್ಟ್ರು:
ಅಮ್ಮಾ, ನಿಮ್ಮ ಮಾತು ತಲಪಬೇಕಾದಲ್ಲಿಗೆ ತಲಪಿದೆ. ರೋಗಿಯ ಚಿತ್ರ ತೆಗೆಯಬಾರದೆಂಬ ನಿಯಮವನ್ನು ಶಿಬಿರದ ಮೊದಲ ದಿನವೇ ಹೇಳಬೇಕಾದದ್ದು ನಮ್ಮಂಥವರ ಹೊಣೆ. ಮನೆಮನೆಗೆ ಹೋಗುವುದಾದರೆ ಆ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಮೊದಲು ಕಂಡರೆ ಕೇಳಿದ್ದನ್ನೇ ಕೇಳುವ ಅಗತ್ಯ ಬೀಳುವುದಿಲ್ಲ, ಹೆಚ್ಚಿನ ಮಾಹಿತಿ ಅವರ ಪುಸ್ತಕದಲ್ಲಿಯೇ ಇರುತ್ತದೆ.

ಪಂಚಾಯತಿನ ನರ್ಸ್:
ಪ್ಯಾಲಿಯೇಟಿವ್ ಹೋಂ ಕೇರಿನಲ್ಲಿ ಕೆಲಸ ಮಾಡುವವಳಾದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಕೇರಳದಲ್ಲಿ ಸಾಂತ್ವನ ಚಿಕಿತ್ಸೆಗೆ 2008ರಿಂದ ಸರಕಾರದ ನೀತಿಯೇ ಇದೆ. ಪಂಚಾಯತಿನ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನರ್ಸ್ ವಾಹನದಲ್ಲಿ ಮನೆಗಳಿಗೆ ಹೋಗುತ್ತಾರೆ. ಜೊತೆಯಲ್ಲಿ ಆಶಾ ಕಾರ್ಯಕರ್ತೆ, ವಾರ್ಡು ಸದಸ್ಯರು, ಒಮ್ಮೊಮ್ಮೆ ವಿದ್ಯಾರ್ಥಿಗಳು ಇರುತ್ತಾರೆ. ಗಾಯ ತೊಳೆಯುವುದು, ಮೂತ್ರದ ಟ್ಯೂಬು ಬದಲಿಸುವುದು ನಮ್ಮ ಕೆಲಸ, ಅದಕ್ಕೆ ವಿದ್ಯಾರ್ಥಿಗಳು ಕೈಹಾಕಬೇಕಾಗಿಲ್ಲ. ಅವರಿಂದ ಆಗುವ ಸಹಾಯ ಬೇರೆ ಬಗೆಯದು. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆಂದು ಮನೆಯವರಿಗೆ ನಿಧಾನವಾಗಿ ತೋರಿಸುವುದು, ಮಾತ್ರೆಯ ಚೀಟಿಯಲ್ಲಿ ಬೆಳಿಗ್ಗೆ, ರಾತ್ರಿ ಎಂದು ಕನ್ನಡದಲ್ಲಿ ಬರೆದು ಅಂಟಿಸುವುದು, ರೋಗಿಯ ಜೊತೆ ಸುಮ್ಮನೆ ಮಾತನಾಡುತ್ತ ಕುಳಿತುಕೊಳ್ಳುವುದು. ನಾನು ತ್ರಿಶೂರಿನವಳು. ಇಲ್ಲಿಗೆ ಬಂದು ಕನ್ನಡ ಕಲಿತೆ, ಇದನ್ನು ಬರೆಯುವಾಗಲೂ ಗಂಡ ತಿದ್ದಿಕೊಟ್ಟಿದ್ದಾರೆ. ತುಳು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ‘ನೋವು ಎಲ್ಲಿ, ಎಂಥ ನೋವು’ ಎಂಬುದನ್ನು ವಯಸ್ಸಾದವರು ತಮ್ಮ ಮಾತಿನಲ್ಲಲ್ಲದೆ ಸರಿಯಾಗಿ ಹೇಳುವುದಿಲ್ಲ.

ಪೆರ್ಲದ ಪ್ರಥಮ ವರ್ಷ:
ಇಷ್ಟೊಂದು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ನರ್ಸ್ ಅಕ್ಕನಲ್ಲಿ ಒಂದು ಪ್ರಶ್ನೆ. ನನಗೆ ತುಳು ಬರುತ್ತದೆ, ಕನ್ನಡ ಬರುತ್ತದೆ. ಆದರೆ ರೋಗಿಯ ಮಾತನ್ನು ನಿಮಗೆ ಮಲಯಾಳದಲ್ಲಿ ಹೇಳುವಾಗ ತಪ್ಪಿಬಿಟ್ಟರೆ?

ಪಂಚಾಯತಿನ ನರ್ಸ್:
ಅನುಮಾನವಿದ್ದಲ್ಲಿ ಅನುಮಾನವಿದೆ ಎಂದೇ ಹೇಳಿದರೆ ಸಾಕು, ನಾನು ಮತ್ತೊಮ್ಮೆ ಕೇಳುತ್ತೇನೆ. ನಿಮ್ಮ ಮಲಯಾಳದ ವ್ಯಾಕರಣವನ್ನು ರೋಗಿಯ ಹಾಸಿಗೆಯ ಬದಿಯಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಸುಮ್ಮನೆ ಊಹಿಸಿ ತುಂಬಿಸುವವರಿಂದಲೇ ತೊಂದರೆ.

ಚಂದ್ರಗಿರಿ ತೀರ:
ಎಲ್ಲರೂ ಸೇರಿ ಈ ಹುಡುಗಿಯನ್ನು ನಾಲ್ಕು ವರ್ಷದ ಮಟ್ಟಿಗೆ ದುಭಾಷಿಯಾಗಿ ನೇಮಿಸಿಬಿಟ್ಟಿರಿ. ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಕನ್ನಡದ ವಿದ್ಯಾರ್ಥಿ ತಂಡಕ್ಕೆ ಸೇರಿದರೆ ಅವನ ಕೆಲಸ ಇತರರ ಮಾತನ್ನು ದಾಟಿಸುವುದು, ತಂಡದ ನಾಯಕ ಮಾತ್ರ ಯಾವಾಗಲೂ ಬೇರೆಯವನು, ಎಂಬ ವ್ಯವಸ್ಥೆ ನಮಗೆ ಹೇಗೋ ಸಹಜವಾಗಿ ಕಾಣುತ್ತದೆ. ಸಮೀಕ್ಷೆಯ ನಮೂನೆ ಮೊದಲೇ ಕನ್ನಡದಲ್ಲಿಯೂ ಏಕೆ ಅಚ್ಚಾಗಲಿಲ್ಲ ಎಂದು ಯಾರಾದರೂ ಕೇಳಿದರೇ? ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲಿಯೇ ಅವಕಾಶವಿದೆ. ಆ ಅರ್ಜಿಯನ್ನು ಮಲಯಾಳದಲ್ಲಿ ತುಂಬಿಸಿ ಕೊಡುವುದು ಒಂದು ಸೇವೆಯಾದರೆ, ಅದನ್ನು ಕನ್ನಡದಲ್ಲಿಯೇ ತೆಗೆದುಕೊಳ್ಳುವಂತೆ ಮಾಡುವುದು ಇನ್ನೊಂದು ಸೇವೆ. ಎರಡನೆಯದಕ್ಕೆ ಸಂಘಟನೆ ಬೇಕು.

ನಿವೃತ್ತ ಮಾಷ್ಟ್ರು:
ಒಪ್ಪುತ್ತೇನೆ. ಆದರೆ ಎರಡನೆಯದು ಆಗುವವರೆಗೆ ಅಜ್ಜಿಯ ಪಿಂಚಣಿ ಕಾಯಬಾರದು. ಮೊದಲನೆಯದನ್ನು ಮಾಡಿದವರಿಗೆ ಮಾತ್ರ ಎರಡನೆಯದನ್ನು ಕೇಳುವಾಗ ಕೈಯಲ್ಲಿ ಉದಾಹರಣೆಗಳಿರುತ್ತವೆ. ಕಚೇರಿಯಲ್ಲಿ ಕನ್ನಡ ಬೇಕು ಎಂದು ಬರಿದೇ ಕೂಗುವುದಕ್ಕೂ, ಈ ವಾರ್ಡಿನ ಇಷ್ಟು ಮನೆಗಳಲ್ಲಿ ಇಂಥ ಕಾಗದ ಅರ್ಥವಾಗದೆ ಇಂಥ ಸವಲತ್ತು ತಪ್ಪಿಹೋಗಿದೆ ಎಂದು ಪಟ್ಟಿ ಹಿಡಿದು ನಿಲ್ಲುವುದಕ್ಕೂ ಬಹಳ ಅಂತರವಿದೆ.

ಚಂದ್ರಗಿರಿ ತೀರ:
ಪಟ್ಟಿ ಮಾಡಿದವರಲ್ಲಿ ಎಷ್ಟು ಜನ ಕಚೇರಿಗೆ ಹೋಗಿ ನಿಂತರು, ಮಾಷ್ಟ್ರೇ? ವರದಿಯನ್ನು ಬೈಂಡ್ ಮಾಡಿಸಿ ಕಪಾಟಿನಲ್ಲಿಟ್ಟವರೇ ಹೆಚ್ಚು.

ಕಾಲೇಜು ಸಂಚಿಕೆಯವ:
ಕನ್ನಡ ಸಂಘದ ಮಾತನ್ನು ಎಲ್ಲರೂ ಮರೆತೇಬಿಟ್ಟಿರಿ. ಅಲ್ಲಿ ಭಾಷಣ, ಕವಿಗೋಷ್ಠಿ ಮಾತ್ರ ಇರುತ್ತದೆಂದು ತಿಳಿಯಬೇಡಿ. ವಾರ್ಷಿಕ ಸಂಚಿಕೆಯ ಕನ್ನಡ ವಿಭಾಗವನ್ನು ನಾವು ಕೆಲವರು ಸೇರಿ ಮಾಡಿದ ವರ್ಷ ನಾನು ಕಲಿತದ್ದು ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಲೇಖನಗಳನ್ನು ಕಾಡಿ ಬೇಡಿ ತರುವುದು ಒಂದು ಕಡೆಯಾದರೆ, ನುಡಿ ತಂತ್ರಾಂಶದಲ್ಲಿ ಟೈಪಾಗಿ ಬಂದ ಕಡತ ಮಲಯಾಳದ ಡಿಟಿಪಿ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಹಿಂಡಾಗಿ ಕಾಣುವುದು ಇನ್ನೊಂದು ಕಡೆ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕಳಚಿಬಿದ್ದಲ್ಲೆಲ್ಲ ಸರಿಪಡಿಸಿ, ಅಚ್ಚಿಗೆ ಹೋಗುವ ಹಿಂದಿನ ರಾತ್ರಿಯವರೆಗೆ ಕರಡು ತಿದ್ದಿದೆವು. ನಮ್ಮ ಸ್ಟೂಡೆಂಟ್ ಎಡಿಟರಿಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ಹಾಗಿದ್ದರೂ ಕೇಳಿದ ಪುಟಗಳನ್ನು ಕೊಟ್ಟ, ಏಕೆಂದರೆ ನಾವು ಗಡುವಿಗೆ ಮೊದಲೇ ಪುಟಗಳನ್ನು ಸಿದ್ಧಮಾಡಿ ಒಯ್ದಿದ್ದೆವು. ಸಭೆಯಲ್ಲಿ ಮಾತನಾಡಲು ಅಂಜುವವರಿಗೆ ಇದು ಹೇಳಿಮಾಡಿಸಿದ ಕೆಲಸ.

ಮುಳ್ಳೇರಿಯ ರೂಟು:
ಕನ್ನಡ ಸಂಘದವರು ನವೆಂಬರ್ ಒಂದರಂದು ರಾಜ್ಯೋತ್ಸವ ಮಾಡಬೇಕೋ ಕೇರಳದ ಸ್ಥಾಪನಾ ದಿನವಾದ ಕೇರಳಪ್ಪಿರವಿಯಲ್ಲಿ ಭಾಗವಹಿಸಬೇಕೋ ಎಂದು ಜಗಳವಾಡುವುದರಲ್ಲಿಯೇ ಒಂದು ತಿಂಗಳು ಕಳೆಯುತ್ತಾರೆ.

ತಲಪಾಡಿ ದಾಟಿದವ:
1956ರಲ್ಲಿ ಎರಡೂ ರಾಜ್ಯಗಳನ್ನು ಒಂದೇ ದಿನ ಮಾಡಿದವರನ್ನು ಕೇಳಬೇಕು. ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿದ್ದನ್ನು ಜಾರಿಗೆ ತಂದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ನಿರ್ವಾಹಕ:
ಮಹಾಜನ ವರದಿಗೆ ಪ್ರತ್ಯೇಕ ಚರ್ಚೆ ಇದೆ, ಅದೂ ಮುಗಿಯುವ ಲಕ್ಷಣವಿಲ್ಲ. ಇಲ್ಲಿ ಕಾಲೇಜಿನ ಸಂಘಟನೆಗಳ ಬಗ್ಗೆ ಮಾತ್ರ ಬರೆಯಿರಿ.

ಸಮವಸ್ತ್ರದವಳು:
ಎನ್‌ಸಿಸಿಯ ಹೆಸರನ್ನು ಯಾರಾದರೂ ಹೇಳುತ್ತಾರೆಂದು ಕಾದೆ. ಶಿಸ್ತಿನ ಆಜ್ಞೆಗಳೆಲ್ಲ ಹಿಂದಿ, ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡದವರು, ಮಲಯಾಳದವರು ಎಂಬ ವ್ಯತ್ಯಾಸ ಮೈದಾನದಲ್ಲಿ ಉಳಿಯುವುದಿಲ್ಲ, ಎಲ್ಲರೂ ಸಮಾನವಾಗಿ ತಪ್ಪುತ್ತಾರೆ. ಎರಡು ವರ್ಷ ಪೂರೈಸಿದರೆ ‘ಬಿ’ ಸರ್ಟಿಫಿಕೇಟ್ ಪರೀಕ್ಷೆ, ಮೂರನೆಯ ವರ್ಷದಲ್ಲಿ ‘ಸಿ’. ‘ಸಿ’ ಇದ್ದವರಿಗೆ ಸೇನೆಯ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶವಿದೆ. ಆದರೆ ಬೆಳಗಿನ ಪೆರೇಡಿಗೆ ಪೆರ್ಲದಿಂದ ತಲಪುವುದು ಹೇಗೆಂದು ಮೊದಲು ಯೋಚಿಸಬೇಕು. ನಾನು ಹಾಸ್ಟೆಲಿನಲ್ಲಿದ್ದುದರಿಂದ ಸಾಧ್ಯವಾಯಿತು.

ಹಳೆ ವಾಲಂಟಿಯರ್:
ರಕ್ತದಾನದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅದಕ್ಕೆ ಭಾಷೆಯೂ ಬೇಡ, ಸಂಜೆಯವರೆಗೆ ನಿಲ್ಲುವುದೂ ಬೇಡ. ಹದಿನೆಂಟು ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ನಮ್ಮ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಸಾಲದೆ ಹಿಂತಿರುಗುವವರೇ ಬಹಳ. ಶಿಬಿರದಲ್ಲಿ ಅದು ಗೊತ್ತಾಗುವುದೂ ಒಂದು ಲಾಭವೇ.

ಅಡಿಕೆ ಬೆಳೆಗಾರ:
ಪೆರ್ಲದ ಮಗಳೇ, ತಂದೆಯೊಡನೆ ಮಾತನಾಡಿದೆಯಾ?

ಪೆರ್ಲದ ಪ್ರಥಮ ವರ್ಷ:
ಮಾತನಾಡಿದೆ, ಮಾವ. ಇಲ್ಲಿ ಬಂದ ಉತ್ತರಗಳನ್ನು ಓದಿಯೂ ಹೇಳಿದೆ. ಸೇವಾ ಯೋಜನೆಗೆ ಒಪ್ಪಿದ್ದಾರೆ. ಪ್ಯಾಲಿಯೇಟಿವ್ ತಂಡದವರು ನಮ್ಮ ಪಂಚಾಯತಿನಲ್ಲಿಯೇ ಶನಿವಾರ ಹೋಗುವುದರಿಂದ ಅದಕ್ಕೂ ಅಡ್ಡಿಯಿಲ್ಲವೆಂದರು. ಯೂನಿಯನ್ನಿನ ವಿಷಯ ಎತ್ತಿದಾಗ ಎದ್ದು ಹೋದರು. ಆದರೆ ಚಂದ್ರಗಿರಿಯವರು ಬರೆದದ್ದನ್ನು ಅಮ್ಮ ಎರಡು ಸಲ ಓದಿಸಿದರು.

ಚಂದ್ರಗಿರಿ ತೀರ:
ಹಾಗಾದರೆ ಅಮ್ಮನೊಡನೆ ಮಾತು ಮುಂದುವರಿಸು. ಈ ವರ್ಷ ನೀನು ಸ್ಪರ್ಧಿಸಬೇಕಾಗಿಲ್ಲ. ಪ್ರಥಮ ವರ್ಷದ ಪ್ರತಿನಿಧಿಯ ಸ್ಥಾನಕ್ಕೆ ನಿಲ್ಲುವವರಲ್ಲಿ ಪ್ರತಿಯೊಬ್ಬರನ್ನೂ ಕರೆದು, ಯೂನಿಯನ್ನಿನ ನೋಟೀಸು ಕನ್ನಡದಲ್ಲಿಯೂ ಹಾಕುತ್ತೀರಾ ಎಂದು ಕೇಳು. ಮಲಯಾಳದಲ್ಲಿ ಕೇಳಲು ಅಂಜಿಕೆಯಾದರೆ ಕನ್ನಡದಲ್ಲಿಯೇ ಕೇಳು, ಮತ ಬೇಕಾದವರು ಅರ್ಥಮಾಡಿಕೊಳ್ಳುತ್ತಾರೆ.

ಎರಡನೇ ಬೆಂಚು:
ಇದೊಂದು ಸಲಹೆಯನ್ನು ನಾನೂ ಅನುಮೋದಿಸುತ್ತೇನೆ. ಹಾಕುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ, ಹೇಳಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಎಣ್ಮಕಜೆಯಿಂದ:
ಶನಿವಾರದ ತಂಡ ನಮ್ಮ ವಾರ್ಡಿಗೂ ಬರುತ್ತದೆಯೇ?

ಪಂಚಾಯತಿನ ನರ್ಸ್:
ವಾರ್ಡಿಗೆ ತಿಂಗಳಲ್ಲಿ ಒಂದು ಸರದಿ ಇರುತ್ತದೆ, ನಿಮ್ಮ ಆಶಾ ಕಾರ್ಯಕರ್ತೆಯಲ್ಲಿ ದಿನ ಕೇಳಿಕೊಳ್ಳಿ. ಪೆರ್ಲದ ತಂಗೀ, ಮೊದಲು ತರಬೇತಿಗೆ ಬಾ, ಅದಿಲ್ಲದೆ ಮನೆಗಳಿಗೆ ಕರೆದುಕೊಂಡು ಹೋಗುವುದಿಲ್ಲ. ಬರುವಾಗ ಜಾರದ ಚಪ್ಪಲಿ ಹಾಕಿಕೊಂಡು ಬಾ, ಕೆಲವು ಮನೆಗಳಿಗೆ ವಾಹನ ಹೋಗುವುದಿಲ್ಲ, ತೋಟದ ದಾರಿಯಲ್ಲಿ ಇಳಿಯಬೇಕು. ಮೊಬೈಲನ್ನು ವಾಹನದಲ್ಲಿಯೇ ಇಡುವ ಕ್ರಮವಿದೆ.